ಹೊಸ ಕಾರಿನಡಿಯ ಗುಲಾಬಿ ಕಲೆ

ಶನಿವಾರ ಬೆಳಿಗ್ಗೆ ಹತ್ತರ ಹೊತ್ತು. ಬೊಂಗ್ಸೂನ್ ಬೇಯಿಸಿದ ಪಾಲಕ್ ಸೊಪ್ಪು ಹಿಂಡುತ್ತಿದ್ದಳು. ಅಪಾರ್ಟ್‌ಮೆಂಟಿನ ಕಾವಲುಗಾರ ಪ್ಯೋ ಅಂಗಡಿಯೊಳಗೆ ಬಂದವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನಿಂತ. ಆ ಟೋಪಿಯಿಲ್ಲದ ಅವನ ತಲೆಯನ್ನು ಅವಳು ಹನ್ನೆರಡು ವರ್ಷಗಳಲ್ಲಿ ನೋಡಿಯೇ ಇರಲಿಲ್ಲ.

"ಕೂತ್ಕೊಳ್ಳಿ ಅಣ್ಣ. ಮುಖ ಯಾಕೆ ಹೀಗೆ ಬಿಳಿಚ್ಕೊಂಡಿದೆ?"

"ಸಂಜೆ ನಾಲ್ಕಕ್ಕೆ ನನ್ನ ಕೆಲಸ ಹೋಗುತ್ತಮ್ಮ," ಎಂದ ಪ್ಯೋ. "ಅರವತ್ತೆಂಟರಲ್ಲಿ ಇನ್ಯಾರು ಕೆಲಸ ಕೊಡ್ತಾರೆ? ಅದೂ ಹೋಗ್ಲಿ. ಬಸುರಿ ಹೆಂಗಸನ್ನ ಕೊಲ್ಲೋಕೆ ನೋಡಿದವನು ಅನ್ನಿಸ್ಕೊಂಡು ಹೋಗ್ಬೇಕಲ್ಲ."

ಆ ಮಾತಿಗೆ ಒಳಗಿನಿಂದ ಗು ಮಿರಾನ್ ಕೈ ಒರೆಸಿಕೊಳ್ಳುತ್ತ ಈಚೆ ಬಂದಳು. ಇಪ್ಪತ್ತೆಂಟು ವರ್ಷ ವಿಮಾ ಕಂಪನಿಯೊಂದಕ್ಕೆ ಸುಳ್ಳು ಅಪಘಾತಗಳನ್ನು ಹಿಡಿದುಕೊಟ್ಟು, ನಿವೃತ್ತಳಾಗಿ, ವೊಂಜು ಊರಿನ ಈ ಅಪಾರ್ಟ್‌ಮೆಂಟಿನ ಕೆಳಗೆ ಕಿಮ್ಚಿ, ಪಲ್ಯಗಳ ಅಂಗಡಿ ಇಟ್ಟವಳು. ಸುತ್ತಿನ ಜನ ಏನು ಕಳೆದುಕೊಂಡರೂ ಮೊದಲು ಬರುತ್ತಿದ್ದುದು ಅವಳ ಹತ್ತಿರ. ಅವಳ ಚೀಲ ಹೊತ್ತು ಹಿಂದೆ ಹೋಗುತ್ತಿದ್ದವಳು ಬೊಂಗ್ಸೂನ್. ಪತ್ತೆಯಾದ ಪ್ರತಿಯೊಂದರಲ್ಲೂ ಅರ್ಧ ಪಾಲು ತನ್ನದೇ ಎಂದು ಅವಳ ನಂಬಿಕೆ.

"ನಡೆದದ್ದು ನಡೆದ ಹಾಗೆ ಹೇಳಿ," ಎಂದಳು ಮಿರಾನ್.

ಪ್ಯೋ ಹೇಳಿದ. ಏಳನೇ ಮಹಡಿಯ ತೇಗೊನ್ ಹೊಸ ಕಾರು ಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಅಷ್ಟರಲ್ಲೇ ಅಡಿಯಲ್ಲಿ ಎಂಜಿನ್ ತಣಿಸುವ ಗುಲಾಬಿ ಬಣ್ಣದ ಕೂಲೆಂಟ್ ಹನಿಯತೊಡಗಿತ್ತು. ಕಳೆದ ಸೋಮವಾರ ಕಂಪನಿ ಗೊತ್ತುಮಾಡಿದ ಗ್ಯಾರೇಜಿನಲ್ಲಿ ಗಿಲ್ ಎಂಬ ಹಿರಿಯ ಮೆಕ್ಯಾನಿಕ್ ವಾರಂಟಿಯಲ್ಲಿ ಅದನ್ನು ರಿಪೇರಿ ಮಾಡಿಕೊಟ್ಟ. ಶುಕ್ರವಾರ ತೇಗೊನ್ ತುಂಬು ಬಸುರಿ ಹೆಂಡತಿ ಸೊಲ್ಹೀಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾಗ, ಸುರಂಗದ ನಡುಮಧ್ಯೆ ಬಾನೆಟ್ಟಿನಿಂದ ಹೊಗೆಯಂತೆ ಆವಿ ಎದ್ದು ಎಂಜಿನ್ ನಿಂತುಹೋಯಿತು. ಹಿಂದೆ ಬರುತ್ತಿದ್ದ ಲಾರಿ ಒಂದು ಮೊಳದಂತರದಲ್ಲಿ ನಿಂತಿತು. ಗಿಲ್ ನೋಡಿ, ಇದು ಸೋರಿಕೆಯಲ್ಲ, ಯಾರೋ ನಿನ್ನೆ ಮೊನ್ನೆ ಚಾಕುವಿನಿಂದ ಪೈಪು ಕೊಯ್ದಿದ್ದಾರೆ, ವಾರಂಟಿ ಸಿಗುವುದಿಲ್ಲ ಎಂದುಬಿಟ್ಟ. ಪಾರ್ಕಿಂಗಿನ ಕ್ಯಾಮೆರಾದಲ್ಲಿ ಗುರುವಾರದ್ದು ತೆಗೆದು ನೋಡಿದರೆ, ಕೈಯಲ್ಲಿ ಚಾಕು ಹಿಡಿದು ಕಾರಿನ ಮುಂದೆ ಬಗ್ಗಿ ಕೂತವನು ಪ್ಯೋ.

"ಕೂತಿದ್ರಾ?"

"ಕೂತಿದ್ದೆ. ಮಂಗಳವಾರ ಬೆಳಿಗ್ಗೆ ಕಾರು ಹೋದ ಜಾಗದಲ್ಲಿ ಮತ್ತೆ ಹನಿ ಕಂಡೆ. ಎಷ್ಟು ಸೋರ್ತಿದೆ ನೋಡೋಣ ಅಂತ ದಿನಾ ಒಂದು ರಟ್ಟು ಕೊಯ್ದು ಹಾಸ್ತಿದ್ದೆ. ಚಾಕು ರಟ್ಟಿಗೆ."

"ನೋಡಿದವರು ತೇಗೊನ್‌ಗೆ ಯಾಕೆ ಹೇಳ್ಲಿಲ್ಲ?"

ಪ್ಯೋ ನೆಲ ನೋಡಿದ. "ಹೋದ ತಿಂಗಳು ಅಡ್ಡ ನಿಲ್ಸಿದ್ದ ಅವನ ಕಾರನ್ನ ಪಕ್ಕಕ್ಕೆ ತಳ್ಳಿದ್ದೆ, ಎಲ್ಲರ ಕಾರನ್ನೂ ತಳ್ಳೋ ಹಾಗೆ. ಮೈಮೇಲೆ ಬಂದ. ನನ್ನ ಕಾರಿನ ಸುದ್ದಿ ಇನ್ನೊಂದು ಸಲ ಎತ್ತಿದ್ರೆ ನಿನ್ನ ಕೆಲಸ ಇರಲ್ಲ ಅಂದ."

ಬೊಂಗ್ಸೂನ್‌ಗೆ ಮೈಯೆಲ್ಲ ಉರಿದುಹೋಯಿತು. ಮಿರಾನ್ ಮಾತ್ರ ಕೋಟು ಹಾಕಿಕೊಂಡಳು.

ಗ್ಯಾರೇಜಿನಲ್ಲಿ ಗಿಲ್ ಮರ್ಯಾದಸ್ಥನಂತೆಯೇ ನಡೆದುಕೊಂಡ. ಚಾಲಕನ ಬಾಗಿಲು ತೆರೆದು, ಸ್ಟೀರಿಂಗಿನ ಕೆಳಗಿನ ಹಿಡಿ ಎಳೆದು, ಆಮೇಲೆ ಮುಂದೆ ಬಂದು ಬಾನೆಟ್ ಎತ್ತಿ ತೋರಿಸಿದ. ದಪ್ಪ ಪೈಪಿನ ಮೇಲ್ಭಾಗದಲ್ಲಿ, ಬಿಗಿಯುವ ಕ್ಲಿಪ್ಪಿನ ಪಕ್ಕದಲ್ಲೇ ಉಗುರಿನಷ್ಟು ಉದ್ದದ ನೇರ ಸೀಳು. ಮಿರಾನ್ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು. ಕ್ಲಿಪ್ಪಿನಡಿ ಒಂದೆಳೆ ಬಿಳಿ ದಾರ ಸಿಕ್ಕಿಕೊಂಡಿತ್ತು.

"ಚಾಕುವಿನ ಕೆಲಸವೇ," ಎಂದಳು.

"ನಾನೂ ಅದೇ ಹೇಳಿದ್ದು, ಅಮ್ಮಾವ್ರೆ," ಎಂದ ಗಿಲ್.

ಹೊರಡುವಾಗ ಮಿರಾನ್ ಬಾಗಿಲಲ್ಲಿ ನಿಂತು ತಲೆಯೆತ್ತಿದಳು. ಮೇಲೆ, ಕೆಡುಕು ತಟ್ಟದಿರಲೆಂದು ಕಟ್ಟುವ, ಬಿಳಿ ದಾರ ಸುತ್ತಿದ ಒಣಮೀನು ತೂಗುತ್ತಿತ್ತು. ಅದು ಯಾವ ಅಂಗಡಿಯಲ್ಲಿ ತೂಗುವುದಿಲ್ಲ? ಬೊಂಗ್ಸೂನ್‌ಗೆ ಮಧ್ಯಾಹ್ನ ಮೀನಿನ ಸಾರು ಮಾಡಬೇಕೆನಿಸಿತು, ಅಷ್ಟೇ. ಗೋಡೆ, ಬಾಗಿಲು, ಬೋರ್ಡು ಎಲ್ಲ ಎಣ್ಣೆಹೊಗೆಗೆ ಕಪ್ಪಿಟ್ಟಿದ್ದರೂ ಆ ದಾರ ಮಾತ್ರ ಹಾಲಿನಂತಿದ್ದುದನ್ನು ಅವಳು ಕಂಡೂ ಯೋಚಿಸಲಿಲ್ಲ.

ಬಸ್ಸಿನಲ್ಲಿ ಕೂತು ಮಿರಾನ್ ಸೊಲ್ಹೀಗೆ ಕರೆಮಾಡಿ ನಂಬರು ಪಡೆದು, ಇಂಜೆ ಊರಿನಲ್ಲಿದ್ದ ತೇಗೊನ್‌ನ ತಾಯಿಗೆ ಫೋನು ಹಚ್ಚಿದಳು. ಮುದುಕಿಯ ಗಂಟಲು ದೊಡ್ಡದು, ಬೊಂಗ್ಸೂನ್‌ಗೂ ಕೇಳಿಸಿತು.

"ಹೊಸ ಕಾರಿಗೆ ಶಾಸ್ತ್ರ ಮಾಡೋಕೆ ಹೋದ್ರೆ, ಚಕ್ರಕ್ಕೆ ಅಕ್ಕಿ ಹೆಂಡ ಸುರಿಯೋಕಷ್ಟೇ ಬಿಟ್ಟ ಕಣಮ್ಮ. ಮೀನು ಗೀನು ಕಟ್ಬೇಡ, ನಾಚಿಕೆ ಅಂದ. ಬಾನೆಟ್ ತೆಗೆದು ತೋರ್ಸಿ, ಏನೋ ತರೋಕೆ ಮೇಲೆ ಹೋದ್ನಲ್ಲ, ಆವಾಗ ಕಟ್ಟಿಬಿಟ್ಟೆ. ದಪ್ಪ ಪೈಪಿಗೆ, ದಾರ ಮೂರು ಸುತ್ತು. ಅವನಿಗೆ ಹೇಳ್ಬೇಡ, ಕಿತ್ತು ಬಿಸಾಕ್ತಾನೆ."

ಕೊನೆಗೆ ಮುದುಕಿ ದನಿ ತಗ್ಗಿಸಿ ಇನ್ನೇನೋ ಹೇಳಿದಳು. ಅದು ಕೇಳಿಸದೆ ಬೊಂಗ್ಸೂನ್‌ಗೆ ಹೊಟ್ಟೆ ಉರಿಯಿತು.

ಮೂರು ಗಂಟೆಗೆ ಎಲ್ಲರೂ ಗ್ಯಾರೇಜಿನಲ್ಲಿ ಸೇರಿದರು: ತೇಗೊನ್, ಸೊಲ್ಹೀ, ಟೋಪಿ ಹಿಡಿದ ಪ್ಯೋ, ಮತ್ತು ಅವನನ್ನು ಕೆಲಸದಿಂದ ತೆಗೆಯುವ ಕಾಗದ ಕೈಯಲ್ಲಿದ್ದ ನಿವಾಸಿಗಳ ಸಂಘದ ಅಧ್ಯಕ್ಷೆ. ಸಹಿ ಹಾಕುವ ಮೊದಲು ಒಮ್ಮೆ ಪೈಪು ನೋಡಿ ಎಂದು ಮಿರಾನ್ ಅವಳನ್ನು ಎಳೆದು ತಂದಿದ್ದಳು.

"ಬೇಗ ಮುಗಿಸ್ರೀ," ಎಂದ ತೇಗೊನ್. "ಇವನ ಮುಖ ನೋಡಿದ್ರೆ ನನಗೆ ರಕ್ತ ಕುದಿಯುತ್ತೆ."

"ಕುದೀಲಿ. ಮೊದಲು ಹೊರಗಿನಿಂದ ಬಾನೆಟ್ ತೆಗೀರಿ ನೋಡೋಣ. ಬಾಗಿಲು ಮುಟ್ಬೇಡಿ," ಎಂದಳು ಮಿರಾನ್.

ತೇಗೊನ್ ತಡಕಾಡಿದ. ಬಾನೆಟ್ ಅಲುಗಲಿಲ್ಲ.

"ಬರಲ್ಲ. ಹಿಡಿ ಇರೋದು ಒಳಗೆ, ನಿಲ್ಸಿ ಹೋದ ಮೇಲೆ ಬಾಗಿಲಿಗೆ ಬೀಗ," ಎಂದಳು ಮಿರಾನ್. "ಸೀಳು ಪೈಪಿನ ಮೇಲ್ಗಡೆ ಇದೆ, ಕೆಳಗಿಂದ ಕೈ ಹಾಕೋಣ ಅಂದ್ರೆ ತಗಡು ಮುಚ್ಚಿದೆ. ಕೊಯ್ದವರ ಕೈಲಿ ನಿಮ್ಮ ಕೀಲಿ ಇತ್ತು. ಈ ವಾರ ಕೀಲಿ ಯಾರಿಗೆ ಕೊಟ್ಟಿದ್ರಿ?"

ತೇಗೊನ್‌ನ ಕಣ್ಣು ಗಿಲ್ ಕಡೆ ಹೊರಳಿತು. ಗಿಲ್ ನಕ್ಕ. "ಸೋಮವಾರ ನಾನು ರಿಪೇರಿ ಮಾಡಿ ಕೊಟ್ಟೆ. ಕೊಯ್ದಿರೋದು ಆಮೇಲೆ."

"ಗುರುವಾರದ ಕ್ಯಾಮೆರಾ ಎಲ್ಲರೂ ನೋಡಿದ್ರಿ. ಮಂಗಳವಾರದ್ದು ಯಾರೂ ಕೇಳ್ಲಿಲ್ಲ." ಮಿರಾನ್ ಆ ದಿನದ ದೃಶ್ಯ ಹಾಕಿಸಿಕೊಂಡಿದ್ದ ಫೋನನ್ನು ಅಧ್ಯಕ್ಷೆಯ ಮುಂದೆ ಹಿಡಿದಳು. ಮಂಗಳವಾರ ಬೆಳಿಗ್ಗೆ ಕಾರು ಹೊರಟ ಜಾಗದಲ್ಲಿ ಅಂಗೈಯಗಲದ ಗುಲಾಬಿ ಕಲೆ. ದೃಶ್ಯದಲ್ಲಿ ಪ್ಯೋ ಬಂದು ಬಗ್ಗಿ ನೋಡಿದ್ದು ಆಮೇಲೆ. "ಗ್ಯಾರೇಜಿಂದ ಬಂದ ಮೊದಲ ರಾತ್ರೀನೇ ಸೋರಿದೆ. ಸೀಳು ಇಲ್ಲೇ ಆಗಿದೆ, ಸೋಮವಾರ. ಇನ್ನು ಯಾಕೆ ಅಂತ. ತೇಗೊನ್, ಆ ಬಾಗಿಲ ಮೇಲಿರೋ ಮೀನು ಇಳಿಸಿ, ಬಾಯೊಳಗೆ ಬೆರಳು ಹಾಕಿ."

"ಅದು ನನ್ನ ಅಂಗಡೀದು," ಎಂದ ಗಿಲ್. ಈಗ ಅವನ ಮುಖದಲ್ಲಿ ನಗುವಿರಲಿಲ್ಲ.

ಮೀನಿನ ಬಾಯಿಂದ ಮಡಚಿದ ಚೀಟಿ ಹೊರಬಂತು. ತೇಗೊನ್ ಬಿಡಿಸಿದ. ತನ್ನ ಹೆಸರು, ಸೊಲ್ಹೀಯ ಹೆಸರು, ಕಾರಿನ ನಂಬರು, ಎಲ್ಲ ತಾಯಿಯ ಸೊಟ್ಟ ಅಕ್ಷರದಲ್ಲಿ. ಮುದುಕಿ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದ್ದು ಇದನ್ನೇ ಎಂದು ಬೊಂಗ್ಸೂನ್‌ಗೆ ಆಗ ಹೊಳೆಯಿತು.

"ನಿಮ್ಮಮ್ಮ ಪೈಪಿಗೆ ಕಟ್ಟಿದ್ದು," ಎಂದಳು ಮಿರಾನ್. "ಕ್ಲಿಪ್ಪು ಬಿಗಿ ಮಾಡೋಕೆ ದಾರ ಅಡ್ಡ ಬಂತು. ಗಿಲ್ ಚಾಕು ಹಾಕಿ ಕೊಯ್ದ್ರು, ಜೊತೆಗೆ ಪೈಪೂ ಗೀರಿತು. ಎಳೆ ಇನ್ನೂ ಕ್ಲಿಪ್ಪಿನಡಿ ಇದೆ. ಗೀರು ದಿನಾ ಬಿರೀತಾ ಬಂದು ಸುರಂಗದಲ್ಲಿ ಬಾಯಿ ಬಿಡ್ತು. ಮೀನು ಕಸಕ್ಕೆ ಹಾಕೋಕೆ ಧೈರ್ಯ ಬರ್ಲಿಲ್ಲ, ಕೆಟ್ಟದಾಗುತ್ತೆ ಅಂತ. ಅದಕ್ಕೇ ಬಾಗಿಲಿಗೆ ಕಟ್ಟಿದ್ರಿ, ಗಿಲ್. ಅಲ್ವಾ?"

ಗಿಲ್ ಸ್ಟೂಲಿನ ಮೇಲೆ ಕುಸಿದ. "ಗೀರಿದ್ದು ಆವಾಗ ಕಾಣಿಸ್ಲಿಲ್ಲ. ಶುಕ್ರವಾರ ಬಾನೆಟ್ ತೆಗೆದಾಗ ಗೊತ್ತಾಯ್ತು. ನನ್ನ ತಪ್ಪು ಅಂತ ಬರೆದ್ರೆ ಎಂಜಿನ್ ಖರ್ಚು ನನ್ನ ತಲೆಗೇ ಬರೋದು. ಯಾರೋ ಅಂದೆ. ಯಾರು ಅಂತ ಹೇಳ್ಲಿಲ್ಲ."

"ಒಣಮೀನಿಗೆ ಹೆದರಿದ್ರಿ," ಎಂದಳು ಬೊಂಗ್ಸೂನ್, ತಡೆಯಲಾರದೆ. "ಈ ಮನುಷ್ಯನ ಅನ್ನ ಹೋಗುತ್ತೆ ಅಂತ ಹೆದರ್ಲಿಲ್ಲ."

ಅಧ್ಯಕ್ಷೆ ಕಾಗದವನ್ನು ನಾಲ್ಕು ಚೂರು ಮಾಡಿ ಚೀಲಕ್ಕೆ ತುಂಬಿಕೊಂಡಳು. ತೇಗೊನ್ ಪ್ಯೋನ ಮುಂದೆ ಬಂದು ಸೊಂಟದವರೆಗೆ ಬಾಗಿದ. ಬಾಗಿದವನು ಏಳಲಿಲ್ಲ. "ತಪ್ಪಾಯ್ತು," ಎಂದ. "ನಾಲ್ಕು ದಿನದಿಂದ ಗೊತ್ತಿತ್ತಾ ನಿಮಗೆ? ಸುರಂಗಕ್ಕೆ ಮೊದಲೇ?"

"ಗೊತ್ತಿತ್ತು. ದಿನಾ ನಿಮ್ಮ ಮನೆಗೆ ಮಾಡೋಣ ಅಂತ ಫೋನ್ ಎತ್ತಿ, ಹಾಗೇ ಇಟ್ಟೆ." ಪ್ಯೋ ಟೋಪಿಯ ಅಂಚು ಹಿಂಡಿದ. "ಕೆಲಸದ ಆಸೆಗೆ ಬಾಯಿ ಮುಚ್ಕೊಂಡೆ. ಆ ಹುಡುಗೀಗೆ ಏನಾದ್ರೂ ಆಗಿದ್ರೆ ನಾನು ಹೇಗಪ್ಪ ಬದುಕ್ತಿದ್ದೆ?"

ಸೊಲ್ಹೀ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗಂಡನನ್ನೇ ನೋಡುತ್ತಿದ್ದಳು.

ಪ್ಯೋ ಟೋಪಿ ಹಾಕಿಕೊಂಡ. "ಏಳಿ ಸಾರ್. ಇನ್ನು ಮೇಲೆ ನಿಮ್ಮ ಕಾರಿನಡಿ ಏನಾದ್ರೂ ಕಂಡ್ರೆ ಹೇಳ್ಲೋ, ಬೇಡ್ವೋ? ಇವರೆಲ್ಲರ ಮುಂದೆ ಹೇಳಿಬಿಡಿ."