ಕೈ ಎತ್ತಿದವನು

ಗಿರಿಯಮ್ಮ ಬೀಸಿ ಎಸೆದ ಸ್ಟೀಲ್ ಟ್ರೇ ನೇರ ಹೋಗಿ ಕದಿರಯ್ಯನ ಹಣೆಗೆ ಬಡಿಯಿತು.

ಹುಬ್ಬಿನ ಮೇಲಿಂದ ರಕ್ತ ಇಳಿದು ಬಿಳಿ ಶರ್ಟಿನ ಕಾಲರ್ ಕೆಂಪಾಯಿತು. ಮಧುಗಿರಿಯ ಒಂದು ಹೆಂಚಿನ ಕಟ್ಟಡದಲ್ಲಿ ತರಬೇತಿಗೆ ಕೂತಿದ್ದ ಡಾಕ್ಟರು, ನರ್ಸುಗಳೆಲ್ಲ ದಂಗಾಗಿ ಎದ್ದು ನಿಂತರು.

ಪಾಪ, ಆ ಮನುಷ್ಯ ಹೊಡೆಯಲು ಬಂದಿರಲೇ ಇಲ್ಲ ಕಣ್ರೀ! ಅದು ಪಾಠದ ನಾಟಕ. 1985ರಲ್ಲಿ ನಮ್ಮ ಕಡೆಗೆ ಹೊಸದೊಂದು ಮಾತಿನ ಚಿಕಿತ್ಸೆ ಬಂದಿತ್ತು. ರೋಗಿಯ ತಲೆಯಲ್ಲಿ ಬೇರುಬಿಟ್ಟ ಯೋಚನೆಯನ್ನು ಹಿಡಿದು, ಅದು ನಿಜವೋ ಸುಳ್ಳೋ ಎಂದು ರೋಗಿಯ ಕೈಯಲ್ಲೇ ಪರೀಕ್ಷೆ ಮಾಡಿಸುವ ಚಿಕಿತ್ಸೆ. ಅದನ್ನು ಕಲಿಸಲು ಬೆಂಗಳೂರಿನಿಂದ ಬಂದವನೇ ಮನಶ್ಶಾಸ್ತ್ರಜ್ಞ ಕದಿರಯ್ಯ. ಒಬ್ಬರು ಚಿಕಿತ್ಸೆ ಕೊಡುವವರಾಗಿ, ಇನ್ನೊಬ್ಬರು ರೋಗಿಯಾಗಿ ಆಡಿ ಕಲಿಯಬೇಕು. ಅವತ್ತು ಅವನು ಹೆಂಡತಿಯನ್ನು ಬಡಿಯುವ ಕುಡುಕನಾಗಿದ್ದ. ಕಳ್ಳಂಬೆಳ್ಳ ಕಡೆಯ ನರ್ಸ್ ಗಿರಿಯಮ್ಮ ಚಿಕಿತ್ಸೆ ಕೊಡುವವಳು. ಅವನು ಕುರ್ಚಿ ಒದ್ದು ಎದ್ದು, ಕೈ ಎತ್ತಿದ. ಅವಳ ಕೈಗೆ ಟ್ರೇ ಸಿಕ್ಕಿತು.

"ಅಮ್ಮೋ... ಚಚ್ಚಾನು," ಎಂದು ಹಣೆ ಹಿಡಿದುಕೊಂಡ. ನೋವಾದರೆ ಅವನ ಬಾಯಲ್ಲಿ ‘ಸತ್ತೆ’ ಎನ್ನುವುದೂ ಪಾವಗಡದ ತೆಲುಗಿನಲ್ಲೇ ಬರುವುದು. ಆಮೇಲೆ ಕರ್ಚೀಫು ಒತ್ತಿಕೊಂಡು, ಮೆಲ್ಲಗೆ ಕೇಳಿದ.

"ನಾನು ಕೈ ಎತ್ತಿದಾಗ ನಿಮ್ಮ ತಲೇಲಿ ಏನು ಯೋಚನೆ ಬಂತು?"

ಗಿರಿಯಮ್ಮನಿಗೆ ಮೈಯೆಲ್ಲ ಉರಿಯಿತು. ರಕ್ತ ಸುರೀತಾ ಐತೆ, ಈ ಮನುಷ್ಯನಿಗೆ ಇನ್ನೂ ಪಾಠದ್ದೇ ಚಿಂತೆ...

"ಕೈ ಎತ್ತಿದ ಗಂಡಸು ಹೊಡೆದೇ ಹೊಡೀತಾನೆ ಅಂತ ಬಂತು ಸಾರ್."

"ಅದಕ್ಕೆ ಸಾಕ್ಷಿ?"

"ನನ್ನ ಬೆನ್ನು."

ಅಷ್ಟು ಹೇಳಿ ಹೊರಗೆ ನಡೆದುಬಿಟ್ಟಳು.

ಆದರೆ ಗಾಯಕ್ಕೆ ಹೊಲಿಗೆ ಹಾಕಲು ಅವಳೇ ಬರಬೇಕಾಯಿತು. ಸೂಜಿ ಚರ್ಮದೊಳಗೆ ಹೋದಾಗಲೂ ಅವನು ಬೈಯಲಿಲ್ಲ, ಏನನ್ನೂ ಕೇಳಲಿಲ್ಲ. ಅದಕ್ಕೆ ಕರಗಿ ಅವಳೇ ಹೇಳತೊಡಗಿದಳು.

"ನಮ್ಮವ್ವ ಸತ್ತಾಗ ನಾನು ಊಟ ಬುಟ್ಟೆ, ಮಾತೂ ಬುಟ್ಟೆ. ಗಾಳಿ ಹಿಡಿದೈತೆ ಅಂದ್ರು. ಪೂಜಾರಿ ಗುಡಿ ಮುಂದೆ ಚಾಟೀಲಿ ಹೊಡ್ದ. ನಾನು ಎದ್ದು ಓಡದಂಗೆ ಕೈ ಹಿಡ್ಕೊಂಡಿದ್ದೋನು ನಮ್ಮಣ್ಣ ಕ್ಯಾತಣ್ಣ. ಅಳ್ತಾ ಹಿಡ್ಕೊಂಡಿದ್ದ ಸಾರ್... ನಂಗೆ ವಾಸಿಯಾಗ್ಲಿ ಅಂತ."

ಕದಿರಯ್ಯನ ಕಣ್ಣು ತುಂಬಿತು. ಹೊಲಿಗೆಯ ನೋವಿಗಲ್ಲ ಅದು. ಅವಳು ಸೂಜಿ ಹಿಡಿದ ಕೈ ತಡೆದು ಅವನನ್ನೇ ನೋಡಿದಳು. ಇದುವರೆಗೆ ತನಗಾಗಿ ಅತ್ತ ಗಂಡಸು ಅಣ್ಣ ಒಬ್ಬನೇ, ಅವನೂ ಅಳುತ್ತಲೇ ತನ್ನನ್ನು ಚಾಟಿಗೆ ಹಿಡಿದುಕೊಟ್ಟಿದ್ದ.

"ಈ ಸೋಮವಾರ ಅಣ್ಣ ನಮ್ಮತ್ತಿಗೆನೂ ಅದೇ ಚಾಟಿಗೆ ಕರ್ಕೊಂಡೋಯ್ತಾನೆ," ಎಂದಳು.

ಅತ್ತಿಗೆ ಕೊಲ್ಲಾಪುರಮ್ಮ ಬಾಣಂತಿ. ಅವರ ಕುರಿಹಟ್ಟಿಯ ಕಟ್ಟುಪಾಡಿನಂತೆ ಹಸುಗೂಸಿನ ಜೊತೆ ಊರಾಚೆಯ ಗುಡಿಸಲಿನಲ್ಲಿದ್ದಳು. ಮೊದಲ ಮಗು ಅದೇ ಗುಡಿಸಲಿನಲ್ಲಿ, ಅವಳ ತೋಳಿನಲ್ಲೇ ತಣ್ಣಗಾಗಿತ್ತು. ತಾನು ಮುಟ್ಟಿದರೆ ಇದೂ ಸಾಯುತ್ತದೆ ಎಂದು ಅವಳಿಗೆ ಮನಸ್ಸಿನಲ್ಲಿ ನಾಟಿಬಿಟ್ಟಿತ್ತು. ಸೂಲಗಿತ್ತಿ ರಂಗಕ್ಕ ಕೂಸನ್ನು ಮೊಲೆಗೆ ಹಿಡಿದರೆ, ತಾಯಿ ತನ್ನ ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಹಟ್ಟಿಯವರು ದೆವ್ವ ಎಂದರು.

"ನಿಮ್ಮ ಚಿಕಿತ್ಸೆ ಅಲ್ಲಿ ನಡೀತದಾ ಸಾರ್?"

"ನಡೆಸಬೇಕಾದವರು ನೀವು. ನಾನು ಜೊತೆಗಿರ್ತೀನಿ."

ಜೊತೆಗಿರ್ತೀನಿ... ಆ ಮಾತು ಶಿರಾ ಬಸ್ಸಿನ ಗದ್ದಲದಲ್ಲೂ ಅವಳ ಕಿವಿಯಲ್ಲೇ ಇತ್ತು. ಪಾಠ ಹೇಳೋ ಮೇಷ್ಟ್ರು ಅಷ್ಟೇ ಕಣೇ, ಹುಚ್ಚುಹುಚ್ಚಾಗಿ ಆಸೆಪಡಬೇಡ, ಎಂದು ತನ್ನನ್ನೇ ಗದರಿಕೊಂಡಳು.

ಭಾನುವಾರ ಮಧ್ಯಾಹ್ನ ಹಟ್ಟಿ ಸೇರಿದಾಗ ಕ್ಯಾತಣ್ಣ ಕುರಿ ಮೇಯಿಸಲು ಹೋಗಿದ್ದ. ಕದಿರಯ್ಯ ಆಚೆ ಹೊಂಗೆ ಮರದಡಿ ನಿಂತ. ಗಿರಿಯಮ್ಮ ಗುಡಿಸಲಿಗೆ ಬಗ್ಗಿ ಹೋದಳು.

"ಅತ್ತಿಗೆ, ಒಂದೇ ಒಂದು ಬೆರಳು ಮುಟ್ಸು. ಏನಾಯ್ತದೋ ಇಬ್ರೂ ನೋಡಾಣ."

"ಬ್ಯಾಡ ಕಣಮ್ಮಿ. ಕೊಂದ್ಬುಡ್ತೀನಿ ನಾನು. ಚಾಟೀಲೇ ಹೊಡೀಲಿ ನನ್ನ, ಕೂಸು ಉಳೀಲಿ."

ಎಷ್ಟು ಹೇಳಿದರೂ ಆ ಕೈಗಳು ಮುಂದಕ್ಕೆ ಬರಲಿಲ್ಲ. ಗಿರಿಯಮ್ಮ ಕಣ್ಣೊರೆಸಿಕೊಳ್ಳುತ್ತಾ ಹೊರಬಂದಳು.

"ಆಗ್ಲಿಲ್ಲ ಸಾರ್. ಸಂಜೆಗೆ ಅಣ್ಣ ಬತ್ತಾನೆ. ಅವನ ಮುಂದೆ ನಿಂತ್ರೆ ನಂಗೆ ಬಾಯೇ ಬರಲ್ಲ."

"ಹಾಗಾದ್ರೆ ಅದನ್ನೇ ಕಲಿಯೋಣ. ಈಗ ನಾನು ನಿಮ್ಮಣ್ಣ. ನನ್ನನ್ನ ತಡೀರಿ."

ಅವನ ಹಣೆಯ ಹೊಲಿಗೆ ನೋಡಿ ಅವಳು ಹಿಂಜರಿದಳು. ಅವನು ನಕ್ಕ. "ಇಲ್ಲಿ ಟ್ರೇ ಇಲ್ಲ ಬಿಡಿ."

ಅಣ್ಣ ಹೇಗೆ ಮಾತಾಡುತ್ತಾನೆಂದು ಅವಳೇ ಹೇಳಿಕೊಟ್ಟಳು. ಕದಿರಯ್ಯ ಪಂಚೆ ಎತ್ತಿ ಕಟ್ಟಿದಂತೆ ಮಾಡಿ, ಕೈ ಮೇಲೆತ್ತಿ ಗರ್ಜಿಸಿದ.

"ಅಡ್ಡ ಬಂದ್ರೆ ನಿನ್ನೂ ಚಾಟಿಗೆ ಹಿಡಿದುಕೊಡ್ತೀನಿ ಕಣೇ! ಚರ್ಮ ಸುಲಿಸ್ತೀನಿ!"

ಗಿರಿಯಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಆದರೆ ಈ ಸಲ ಏನನ್ನೂ ಎಸೆಯಲಿಲ್ಲ, ಅಲ್ಲೇ ನಿಂತಳು.

"ಸುಲಿಸು, ನೋಡೇ ಬುಡ್ತೀನಿ," ಎಂದಳು.

ಅಷ್ಟರಲ್ಲಿ ಹಿಂದಿನಿಂದ ಕುರಿಗಾಹಿಯ ಬಿದಿರು ದೊಣ್ಣೆ ಬೀಸಿ ಬಂತು.

"ಯಾವನ್ಲಾ ನೀನು? ನನ್ ತಂಗಿ ಮ್ಯಾಲೆ ಕೈ ಎತ್ತೀಯಾ?"

ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿದ್ದ ಕ್ಯಾತಣ್ಣ! ಮೊದಲ ಏಟಿಗೇ ಕದಿರಯ್ಯನ ಎಡಗೈ ಮೂಳೆ ಲಟಕ್ಕೆಂದಿತು. ಎರಡನೆಯದು ಬೆನ್ನಿಗೆ. ಗಿರಿಯಮ್ಮ ಅಣ್ಣನ ಸೊಂಟ ಹಿಡಿದು ಎಳೆದಳು. ಅವನು ಕೊಡವಿದ ರಭಸಕ್ಕೆ ಕಲ್ಲಿನ ಮೇಲೆ ಬಿದ್ದು ಅವಳ ತುಟಿ ಒಡೆಯಿತು. ಅದನ್ನು ಕಂಡು ಕದಿರಯ್ಯನಿಗೆ ಏನಾಯಿತೋ... ಇದ್ದ ಒಂದೇ ಕೈಯಲ್ಲಿ ದೊಣ್ಣೆ ಕಿತ್ತುಕೊಂಡು, ಕ್ಯಾತಣ್ಣನ ಎದೆಗೆ ಒದ್ದ. ಕ್ಯಾತಣ್ಣ ಹೋಗಿ ಗುಡಿಸಲಿನ ತಡಿಕೆಯ ಮೇಲೆ ಬಿದ್ದ. ತಡಿಕೆ ಮುರಿದು ಒಳಗೆ ಕುಸಿಯಿತು. ರಂಗಕ್ಕ ಕಿರುಚಿದಳು.

ಕದಿರಯ್ಯ ಅವನ ತಲೆಯ ಮೇಲೆ ದೊಣ್ಣೆ ಎತ್ತಿ ನಿಂತಿದ್ದ. ಹೊಲಿಗೆ ಬಿಚ್ಚಿ ಮುಖವೆಲ್ಲ ರಕ್ತ. ಕಣ್ಣಲ್ಲಿ ಕೊಲ್ಲುವಷ್ಟು ಸಿಟ್ಟು.

ಕೈ ಎತ್ತಿದ ಗಂಡಸು ಹೊಡೆದೇ ಹೊಡೀತಾನೆ...

ಗಿರಿಯಮ್ಮ ಕಣ್ಣು ಮುಚ್ಚಿಕೊಂಡಳು. ಏಟಿನ ಸದ್ದಿಗೆ ಕಾದಳು. ಸದ್ದು ಬರಲಿಲ್ಲ.

ಕಣ್ಣು ಬಿಟ್ಟಾಗ ದೊಣ್ಣೆ ಕಳ್ಳಿ ಬೇಲಿಯಾಚೆ ಬಿದ್ದಿತ್ತು. ಕದಿರಯ್ಯ ಮುರಿದ ಕೈ ಹಿಡಿದುಕೊಂಡು ಮಣ್ಣಿನಲ್ಲಿ ಕೂತಿದ್ದ.

"ಅಣ್ಣ, ಅವ್ರು ನನ್ನ ಹೊಡ್ಯಾಕೆ ಬಂದಿರ್ಲಿಲ್ಲ," ಎಂದಳು ಗಿರಿಯಮ್ಮ, ತುಟಿಯ ರಕ್ತ ಒರೆಸುತ್ತಾ. "ಆಡ್ತಿದ್ದದ್ದು ನಿನ್ನ ಪಾತ್ರ. ಅವ್ರು ಅಂದದ್ದೆಲ್ಲ ನಿನ್ನ ಮಾತೇ."

ಕ್ಯಾತಣ್ಣ ತಂಗಿಯ ತುಟಿ ನೋಡಿದ, ತನ್ನ ಕೈ ನೋಡಿಕೊಂಡ.

"ಅಂಗಾರೆ ನಾನು ಸಾಯಿಸಾಕೆ ಹೋಗಿದ್ದು... ನನ್ನನ್ನೇನಾ?"

ಆಗ ಗುಡಿಸಲಿನೊಳಗಿಂದ ಕೂಸಿನ ಅಳು ಕೇಳಿತು. ಮುರಿದ ತಡಿಕೆ ದಾಟಿ ಕೊಲ್ಲಾಪುರಮ್ಮ ಬಂದಳು. ಕೂಸನ್ನು ಎದೆಗೆ ಅವುಚಿ ಹಿಡಿದಿದ್ದಳು. ಎರಡೂ ಕೈಯಲ್ಲಿ.

"ತಡಿಕೆ ಬಿತ್ತು... ಎತ್ಕೊಂಬುಟ್ಟೆ," ಎಂದು ತೊದಲಿದಳು. "ಅಳ್ತಾವ್ನೆ ಕಣಮ್ಮಿ. ನಾನು ಮುಟ್ಟಿದ್ರೂ ಬದುಕವ್ನೆ!"

ಕ್ಯಾತಣ್ಣ ಬಾಣಂತಿಯ ಬಳಿ ಹೋಗಬಾರದೆಂಬ ಹಟ್ಟಿಯ ಕಟ್ಟುಪಾಡು ಮರೆತು ಅವಳ ಹತ್ತಿರ ಹೋಗಿ, ನೆಲಕ್ಕೆ ಕುಸಿದು ಬಿಕ್ಕಿಬಿಕ್ಕಿ ಅತ್ತ. ಸೋಮವಾರ ಚಾಟಿ ಏಳಲಿಲ್ಲ. ಅತ್ತಿಗೆಯ ಭಯ ಒಂದೇ ಏಟಿಗೆ ಹೋಯಿತೆಂದು ತಿಳಿಯಬೇಡಿ. ಗಿರಿಯಮ್ಮ ವಾರವಾರ ಹೋಗಿ ಕೂತು, ಒಂದೊಂದೇ ಹೆದರಿಕೆಯನ್ನು ಅವಳ ಜೊತೆ ಪರೀಕ್ಷೆ ಮಾಡಿದಳು.

ಶಿರಾದ ಆಸ್ಪತ್ರೆಯಲ್ಲಿ ಕದಿರಯ್ಯನ ಕೈಗೆ ಪ್ಲಾಸ್ಟರ್ ಹಾಕಿದ್ದರು. ಅವನನ್ನು ಬೆಂಗಳೂರಿಗೆ ಬೀಳ್ಕೊಡುವ ದಿನ ಕ್ಯಾತಣ್ಣ ಹೊರಗೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಗಿರಿಯಮ್ಮ ಒಬ್ಬಳೇ ಒಳಗೆ ಬಂದಳು.

"ತರಬೇತಿ ಮುಗೀತು, ಹೊರಡ್ತೀರಾ?"

"ಕೆಲಸ ಅಲ್ಲೈತೆ, ಹೋಗಲೇಬೇಕು. ಆದರೆ ಗಿರಿಯಮ್ಮ... ವಾಪಸ್ ಬರಬೇಕು ಅಂತ ಅನ್ನಿಸ್ತದೆ. ಪಾಠ ಹೇಳೋಕಲ್ಲ. ನಿಮ್ಮಣ್ಣನ ಹತ್ರ ನಿಮ್ಮನ್ನ ಕೇಳೋಕೆ."

ಅವಳು ಅವನ ಹಣೆಯ ಗಾಯ ಸವರಲೆಂದು ಮೆಲ್ಲಗೆ ಕೈ ಎತ್ತಿದಳು.

ಕದಿರಯ್ಯ ಬೆಚ್ಚಿ ತಲೆ ಹಿಂದಕ್ಕೆ ಎಳೆದುಕೊಂಡ!

ಗಿರಿಯಮ್ಮನಿಗೆ ನಗು, ಅಳು ಒಟ್ಟಿಗೇ ಬಂತು.

"ಈಗ ತಲೇಲಿ ಏನು ಯೋಚ್ನೆ ಬಂತು ಸಾರ್?"

"ಕೈ ಎತ್ತಿದವಳು ಹೊಡೆದೇ ಹೊಡೀತಾಳೆ ಅಂತ."

"ಸಾಕ್ಷಿ?"

ಅವನು ಸುಮ್ಮನೆ ಹಣೆ ತೋರಿಸಿದ.

"ಅಂಗಾರೆ ಪರೀಕ್ಷೆ ಮಾಡೇ ನೋಡಾಣ," ಎಂದಳು ಅವಳು.

ಅವನು ಕಣ್ಣು ಮುಚ್ಚಿದ. ಅವಳ ಅಂಗೈ ಅವನ ಕೆನ್ನೆಯ ಮೇಲೆ ನಿಂತಿತು.

"ಏನಾಯ್ತು?" ಎಂದು ಪಿಸುಗುಟ್ಟಿದಳು.

"ಇನ್ನೂ ಗೊತ್ತಾಗಲಿಲ್ಲ," ಎಂದ ಅವನು, ಕಣ್ಣು ಬಿಡದೆ. "ಕೈ ತೆಗೀಬೇಡಿ."