ಯಾರೂ ಕೇಳದ ತಟ್ಟೆಯ ಬೆಲೆ

ಏಳು ಬೆಟ್ಟದ ಆಚೆ, ಸೂರ್ಯ ಎದ್ದು ಮುಖ ತೊಳೆಯುವ ಕೆರೆಗಿಂತ ಎರಡು ಹರದಾರಿ ಈಚೆ, ಬಹಳ ಹಿಂದೆ ನಾದವಾಡಿ ಎಂಬ ರಾಜ್ಯವಿತ್ತು. ನಂಬದವರು ಈಗಲೇ ಎದ್ದು ಹೋಗಬಹುದು, ಕತೆಗೇನೂ ನಷ್ಟವಿಲ್ಲ.

ಆ ರಾಜ್ಯದಲ್ಲಿ ಹಾಡನ್ನು ಹಿಡಿದಿಡುತ್ತಿದ್ದರು. ಕರಿ ಅರಗಿನಿಂದ ರೊಟ್ಟಿಯಷ್ಟು ಅಗಲದ ತಟ್ಟೆ ಮಾಡಿ ಅದರ ಮುಂದೆ ಕೂತು ಹಾಡಿದರೆ, ಹಾಡು ಕೂದಲಿಗಿಂತ ಸಣ್ಣ ಗೆರೆಯಾಗಿ ತಟ್ಟೆಯ ತುಂಬ ಸುತ್ತಿಕೊಳ್ಳುತ್ತಿತ್ತು. ತಟ್ಟೆಯನ್ನು ರಾಟೆಯ ಮೇಲೆ ತಿರುಗಿಸಿ ಮುಳ್ಳು ಇಟ್ಟರೆ ಹಾಡು ಹೊರಗೆ ಬರುತ್ತಿತ್ತು. ಹಾಡಿದವರು ಉಸಿರೆಳೆದದ್ದು, ಬಳೆ ಸರಿಸಿದ್ದು, ಎಲ್ಲವೂ ಕೇಳುತ್ತಿತ್ತು. ಯಾರ ತಟ್ಟೆಯಲ್ಲಿ ತಂಬೂರಿಯ ನಾಲ್ಕನೆಯ ತಂತಿ ಬೇರೆಯಾಗಿ ಕೇಳುತ್ತದೆ ಎಂದು ರಾಜಧಾನಿಯ ತಟ್ಟೆಪೇಟೆಯಲ್ಲಿ ಜನ ಅಂಗಿ ಹರಿಯುವಷ್ಟು ಜಗಳವಾಡುತ್ತಿದ್ದರು.

ಆಮೇಲೆ ಕರಾಳಕಂಠ ಎಂಬ ವ್ಯಾಪಾರಿ ಬಂದ. ಒಂದು ಮಾತನ್ನು ಹುಡುಗಿಯ ದನಿಯಲ್ಲಿ, ಮುಂದಿನ ಮಾತನ್ನು ಮುದುಕನ ದನಿಯಲ್ಲಿ ಆಡುತ್ತಿದ್ದ. ವ್ಯಾಪಾರದ ಚಮತ್ಕಾರ ಎಂದುಕೊಂಡು ಜನ ಬೆರಗಾಗುತ್ತಿದ್ದರು. ಅವನು ಪೇಟೆಗೆ ಹೊಸದೊಂದು ಲೆಕ್ಕ ಕಲಿಸಿದ. ಮುಳ್ಳು ಓಡಿದಷ್ಟು ಸಲವೂ ತಟ್ಟೆ ಸವೆಯುತ್ತದೆ, ಆದ್ದರಿಂದ ಹೆಚ್ಚು ಹಾಡಿದ ತಟ್ಟೆಗೆ ಬೆಲೆ ಕಡಿಮೆ. ಒಮ್ಮೆಯೂ ಹಾಡದೆ, ರೇಷ್ಮೆ ಹೊದಿಕೆಯ ಮೇಣದ ಮುದ್ರೆ ಒಡೆಯದೆ ಇಟ್ಟ ತಟ್ಟೆಗೆ ಕೇಳಿದಷ್ಟು. ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಎಲ್ಲರೂ ನಂಬಿದರು. ವರ್ಷ ತಿರುಗುವುದರೊಳಗೆ ನಾದವಾಡಿಯ ರಾಟೆಗಳಲ್ಲಿ ಜೇಡ ಬಲೆ ಕಟ್ಟಿತು. ರಾಜ ಮಲ್ಲಭೂಪ ಕರಾಳಕಂಠನಿಂದಲೇ ಮುದ್ರೆಯ ತಟ್ಟೆಗಳನ್ನು ಕೊಂಡು ಭಂಡಾರದಲ್ಲಿ ಮುನ್ನೂರು ಕೂಡಿಸಿಟ್ಟ. ಯಾರಾದರೂ ಮುದ್ರೆ ಒಡೆದರೆ ಅವರ ತಲೆ ಒಡೆಸುವುದಾಗಿ ಡಂಗುರ ಸಾರಿಸಿದ.

ಅದೇ ರಾಜ್ಯದ ಅಂಚಿನಲ್ಲಿ ಎಮ್ಮೆಹಟ್ಟಿ ಎಂಬ ಊರು. ಅಲ್ಲಿ ಜಟ್ಟೆಪ್ಪ ಎಂಬ ಹುಡುಗ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದ. ಹಲ್ಲು ನೋಡಿ ವಯಸ್ಸು ಹೇಳುವವರು ಎಲ್ಲ ಊರಲ್ಲೂ ಇರುತ್ತಾರೆ. ಜಟ್ಟೆಪ್ಪ ಹೋರಿಯ ಕೆಮ್ಮು ಕೇಳಿ ಅದರ ಅಜ್ಜನ ವಯಸ್ಸು ಹೇಳುತ್ತಿದ್ದ. ಇದು ಅವನೇ ಹೇಳಿಕೊಂಡದ್ದು, ಆದರೂ ಮುಕ್ಕಾಲು ಪಾಲು ನಿಜ.

ಅವನನ್ನು ಸಾಕಿದವಳು ಅಕ್ಕ ನೀಲವ್ವ. ಅವಳು ಬೀಸುವ ಕಲ್ಲಿನ ಮುಂದೆ ಕೂತು ಪದ ಹಾಡಿದರೆ ಎಮ್ಮೆಗಳು ಹಗ್ಗವಿಲ್ಲದೆ ನಿಲ್ಲುತ್ತಿದ್ದವು. ಒಂದು ದಿನ ಕರಾಳಕಂಠ ಊರಿಗೆ ಬಂದು ತನ್ನ ತಟ್ಟೆಗೆ ಒಂದೇ ಒಂದು ಪದ ಹಾಡೆಂದು ಕೇಳಿದ. ಬೆಳ್ಳಿಯ ಕಾಲ್ಗಡಗ ಕೊಟ್ಟ. ಹಾಡು ಮುಗಿದ ಕೂಡಲೆ ತಟ್ಟೆಗೆ ಮೇಣ ಮೆತ್ತಿಕೊಂಡು ಹೋದ. ತಮ್ಮನನ್ನು ಊಟಕ್ಕೆ ಕರೆಯಲು ನೀಲವ್ವ ಬಾಯಿ ತೆರೆದಳು. ಬರೀ ಗಾಳಿ ಬಂತು.

ಅಕ್ಕ ಚೇಷ್ಟೆ ಮಾಡುತ್ತಿದ್ದಾಳೆಂದು ಜಟ್ಟೆಪ್ಪ ನಕ್ಕ. ಮೂರು ದಿನ ನಕ್ಕ. ನಾಲ್ಕನೆಯ ಬೆಳಿಗ್ಗೆ ಅವಳು ಬೀಸುವ ಕಲ್ಲು ತಿರುಗಿಸುತ್ತ ಸುಮ್ಮನೆ ತುಟಿ ಆಡಿಸುತ್ತಿದ್ದುದನ್ನೂ, ಕಣ್ಣೀರು ಬಿದ್ದು ಹಿಟ್ಟು ಗಂಟುಗಟ್ಟಿದ್ದನ್ನೂ ಕಂಡ. ಹೆಗಲ ಮೇಲೆ ಟವಲು ಹಾಕಿಕೊಂಡು, ಅಕ್ಕನ ದನಿ ಇಲ್ಲದೆ ಊರಿಗೆ ಕಾಲಿಡುವುದಿಲ್ಲವೆಂದು ಎಮ್ಮೆಗಳ ಮುಂದೆಯೇ ಆಣೆ ಮಾಡಿ ಹೊರಟ.

ರಾಜಧಾನಿಯಲ್ಲಿ ಆಗ ದೊಡ್ಡ ಗದ್ದಲ ನಡೆದಿತ್ತು. ಲೋಕದಲ್ಲೇ ಇಲ್ಲದ ತಟ್ಟೆಯೊಂದು ತನ್ನ ಬಳಿ ಇದೆ, ಅದರೊಳಗಿನ ಕೊರಳನ್ನು ಏಳು ವರ್ಷದಿಂದ ಯಾರೂ ಕೇಳಿಲ್ಲ, ಅರ್ಧ ರಾಜ್ಯ ಕೊಟ್ಟರೆ ಕೊಡುತ್ತೇನೆ ಎಂದು ಕರಾಳಕಂಠ ರಾಜನಿಗೆ ಹೇಳಿದ್ದ. ಮಲ್ಲಭೂಪನಿಗೆ ಆಸೆ, ಜೊತೆಗೆ ಅನುಮಾನ. ಬೆಲೆ ಕಟ್ಟಬಲ್ಲವನು ಯಾರಾದರೂ ಬರಲಿ ಎಂದ. ಮೊದಲು ಎರಡು ತಟ್ಟೆಗೆ ಸರಿಯಾಗಿ ಬೆಲೆ ಕಟ್ಟಬೇಕು, ಆಮೇಲೆ ಮೂರನೆಯದಕ್ಕೆ. ಗೆದ್ದವನಿಗೆ ಭಂಡಾರದಿಂದ ಅವನು ಕೇಳಿದ ತಟ್ಟೆ. ಸೋತವನು ಕರಾಳಕಂಠನ ತಟ್ಟೆಗೆ ಹಾಡಿಕೊಡಬೇಕು.

ಪೇಟೆಯ ಪಂಡಿತರೆಲ್ಲ ನೆಲ ನೋಡುತ್ತ ನಿಂತರು. ಜಟ್ಟೆಪ್ಪ ಮುಂದೆ ಬಂದ. “ದೊರೆ, ನಾನು ಹಲ್ಲು ನೋಡಿ ಬೆಲಿ ಹೇಳಾಂವ. ನಿಮ್ಮ ತಟ್ಟಿಗೆ ಹಲ್ಲಿಲ್ಲ ಅಂತ ಅಂಜೂದಿಲ್ಲ” ಎಂದ. ಸಭೆ ನಕ್ಕಿತು. ನಗದವರು ಇಬ್ಬರೇ. ಒಬ್ಬ ಕರಾಳಕಂಠ, ಇನ್ನೊಬ್ಬಳು ರಾಣಿ ಪದ್ಮಲೆ. ರಾಣಿ ಮದುವೆಯಾಗಿ ಬಂದ ದಿನದಿಂದ ಗಂಡನೊಂದಿಗೆ ಒಂದು ಮಾತೂ ಆಡಿಲ್ಲ, ಅಷ್ಟು ಗರ್ವ ಎಂದು ಊರೆಲ್ಲ ಹೇಳುತ್ತಿತ್ತು.

ಮೊದಲ ತಟ್ಟೆ ಭಂಡಾರದಿಂದ ಬಂತು, ಅದರ ಮುದ್ರೆಯನ್ನು ಇಲಿ ಕಡಿದಿತ್ತೆಂದು ಹೊದಿಕೆ ತೆಗೆದಿದ್ದರು. ಕನ್ನಡಿಯಂತೆ ಹೊಳೆಯುತ್ತಿತ್ತು. ಸಾವಿರ ವರಹ ಎಂದು ಪೇಟೆಯವರು ಪಿಸುಗುಟ್ಟಿದರು. ಜಟ್ಟೆಪ್ಪ ಅದನ್ನು ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದ. ಮೈಯಲ್ಲಿ ಒಂದು ಗೀರೂ ಇಲ್ಲ. ಆಮೇಲೆ ನಡುವಿನ ತೂತು ನೋಡಿದ. ರಾಟೆಯ ಗೂಟಕ್ಕೆ ತಟ್ಟೆ ಕೂರಿಸುವಾಗ ಕೈ ತಡಕಾಡುತ್ತದೆ, ತಡಕಾಡಿದ ಪ್ರತಿ ಸಲವೂ ತೂತಿನ ಸುತ್ತ ಸಣ್ಣ ಗೆರೆಯೊಂದು ಬೀಳುತ್ತದೆ. ತುಂಬ ಹೊತ್ತು ಎಣಿಸಿದ.

“ಮುದಿ ಎತ್ತಿನ ಕೊಂಬು ಹೆರೆದು ಎಣ್ಣಿ ಹಚ್ಚಿ ಸಂತಿಗೆ ತರ್ತಾರಲ್ಲ, ಅಂಥಾದ್ದು ಇದು. ನಲವತ್ತು ಸಲ ಹಾಡೇತಿ. ಹಾಡಿಸಿದವರಿಗೆ ಕಣ್ಣು ಮಂಜು. ಬೆಲಿ ನಾಲ್ಕು ವರಹ.”

ರಾಜನ ಅರಮನೆಯಲ್ಲೇ ತಟ್ಟೆ ಹಾಡಿಸಿದವರೆಂದರೆ ಯಾರು? ಕಾವಲುಗಾರರು ಕೊಡಲಿಯತ್ತ ಕೈ ಚಾಚಿದರು. ಅಷ್ಟರಲ್ಲಿ ಪರದೆಯ ಹಿಂದಿನಿಂದ ರಾಜಮಾತೆ ಹೊನ್ನಾಂಬೆ ಕೋಲೂರಿಕೊಂಡು ಈಚೆ ಬಂದಳು.

“ನಲವತ್ತಲ್ಲ, ನಲವತ್ತೆರಡು” ಎಂದಳು. “ಅರಮನೆ ಮಸಣದ ಹಾಗಿತ್ತು, ನನಗೆ ಬೇಜಾರಾಯಿತು. ನನ್ನ ತಲೆ ಒಡೆಸುತ್ತೀಯೇನಪ್ಪಾ ಮಲ್ಲಾ?”

ಮುದುಕಿ ಇನ್ನೊಂದು ಮಾತನ್ನೂ ಹೇಳಿದಳು. ಆ ತಟ್ಟೆಯಲ್ಲಿ ಹಾಡಿದವನು ಬಾಗಿಲ ಕಾವಲಿನ ಕರಿಯಣ್ಣ. ಹಾಡು ಕೊಟ್ಟ ದಿನದಿಂದ ಅವನು ಮೂಗನಾಗಿದ್ದ. ಅವಳು ಕದ್ದು ಮುದ್ರೆ ಒಡೆದು ತಟ್ಟೆ ಹಾಡಿಸಿದ ದಿನವೇ ಅವನಿಗೆ ಮಾತು ಮರಳಿತ್ತು. ದೇವರ ಕೃಪೆ ಎಂದುಕೊಂಡು ಸುಮ್ಮನಿದ್ದಳು.

ಜಟ್ಟೆಪ್ಪನಿಗೆ ಹೊಳೆಯಿತು. ಹಾಡಿಸಿದರೆ ದನಿ ಮರಳುತ್ತದೆ! ಹಾಗಾದರೆ ಮುದ್ರೆ ಒಡೆಯಬಾರದೆಂದು ಊರಿಗೆಲ್ಲ ಕಲಿಸಿದವನು ಬೆಲೆಯನ್ನು ಕಾಯುತ್ತಿಲ್ಲ, ಕದ್ದ ದನಿಗಳಿಗೆ ಬೀಗ ಹಾಕಿದ್ದಾನೆ. ಕಾವಲಿಗೆ ರಾಜನನ್ನೇ ನಿಲ್ಲಿಸಿದ್ದಾನೆ. ಆದರೆ ಬರೀ ಮಾತಿನಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಮುದುಕಿ ಹೇಳಿದ್ದನ್ನೇ ಸಭೆ ಅರಳುಮರಳು ಎಂದು ತಳ್ಳಿಹಾಕಿತ್ತು.

ಎರಡನೆಯ ತಟ್ಟೆಯನ್ನು ಕರಾಳಕಂಠ ತಾನೇ ಬೆಳ್ಳಿಯ ಹರಿವಾಣದಲ್ಲಿ ತಂದ. ಕರ್ರಗೆ, ದುಂಡಗೆ, ಗೆರೆಗಳು ಎಣ್ಣೆ ಹಚ್ಚಿದಂತೆ. ಕೈಗೆತ್ತಿಕೊಂಡು ನೋಡಪ್ಪಾ ಎಂದು ಮುದುಕನ ದನಿಯಲ್ಲಿ ಅಕ್ಕರೆಯಿಂದ ಹೇಳಿದ. ಮಾರುವವನು ಮುಟ್ಟು ಮುಟ್ಟು ಎಂದರೆ ಮುಟ್ಟಬಾರದು ಎಂಬುದು ಸಂತೆಯ ಮೊದಲ ಪಾಠ. ಜಟ್ಟೆಪ್ಪ ಬಗ್ಗಿ ತಟ್ಟೆಯ ಮೇಲೆ ಬಾಯಿ ಉಸಿರು ಬಿಟ್ಟ. ಅರಗಿನ ಮೇಲೆ ಉಸಿರು ಬಿಟ್ಟರೆ ಮಂಜು ಕವಿದು ಅಂಚಿನಿಂದ ಕರಗಬೇಕು. ಇಲ್ಲಿ ಕವಿದ ಮಂಜು ತೆವಳಿತು.

ಅವನು ಎರಡು ಹೆಜ್ಜೆ ಹಿಂದೆ ಸರಿದ. “ಇದಕ್ಕ ಬೆಲಿ ಕಟ್ಟಾಕ ನಾನ್ಯಾಕ್ರಿ, ಹಾವಾಡಿಗನ್ನ ಕರಸ್ರಿ.”

ತಟ್ಟೆ ಸುರುಳಿ ಬಿಚ್ಚಿತು. ನಡುವಿನಿಂದ ಹೆಡೆ ಎದ್ದಿತು. ಮಂತ್ರಿ ಕಂಬ ಏರಿದ, ಪೇಟೆಯ ಪಂಡಿತರು ಒಬ್ಬರ ಮೇಲೊಬ್ಬರು ಬಿದ್ದರು. ರಾಜಮಾತೆಯ ಕೋಲು ಒಂದೇ ಸಲ ಎತ್ತಿ ಇಳಿಯಿತು. ಸತ್ತ ಹಾವು ಬೂದಿಯಾಗಿ ಹರಿವಾಣದಲ್ಲಿ ಉದುರಿತು. ಪರೀಕ್ಷೆಯೆಂದ ಮೇಲೆ ಕಠಿಣವಾಗಿರಬೇಡವೇ ಎಂದು ಕರಾಳಕಂಠ ನಕ್ಕುಬಿಟ್ಟ. ರಾಜ, ತಟ್ಟೆಯ ಆಸೆಯಲ್ಲಿ, ಅದನ್ನೂ ಒಪ್ಪಿದ.

ಮೂರನೆಯದು ಬಂತು. ಕೆಂಪು ರೇಷ್ಮೆಯ ಹೊದಿಕೆ, ಹೆಬ್ಬೆರಳ ಗಾತ್ರದ ಮುದ್ರೆ. ಹೊದಿಕೆ ಬಿಚ್ಚದೆ ಬೆಲೆ ಹೇಳಬೇಕು. ರಾಣಿ ಪದ್ಮಲೆ ಅದನ್ನು ಕಂಡದ್ದೇ ಎದ್ದು ನಿಂತಳು. ಯಾಕೆಂದು ಯಾರೂ ಕೇಳಲಿಲ್ಲ.

ಎಮ್ಮೆಹಟ್ಟಿಯ ಸಂತೆಯಲ್ಲಿ ದೊಡ್ಡ ವ್ಯಾಪಾರವನ್ನು ಬಾಯಲ್ಲಿ ಆಡುವುದಿಲ್ಲ. ಟವಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಬೆಲೆ ಹೇಳುತ್ತಾರೆ. ನೋಡುವವರಿಗೆ ಏನೂ ತಿಳಿಯುವುದಿಲ್ಲ. ಜಟ್ಟೆಪ್ಪ ಹಾಗೆಯೇ ಆಗಲಿ ಎಂದ. ಗುಟ್ಟಾಗಿ ಲಂಚ ಕೊಡಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಕರಾಳಕಂಠ ಅಂಗಿಯ ಉದ್ದ ತೋಳಿನೊಳಗಿನಿಂದ ಕೈ ತೆಗೆದು ಖುಷಿಯಿಂದ ಟವಲಿನ ಕೆಳಗೆ ಚಾಚಿದ. ಅವನ ಕೈ ತಣ್ಣಗಿತ್ತು. ನಾಲ್ಕು ಬೆರಳು ಸಿಕ್ಕವು, ತೋರುಬೆರಳನ್ನು ಮಾತ್ರ ಮಡಿಚಿ ಒಳಗಿಟ್ಟಿದ್ದ. ಮಡಿಚಿದ ಬೆರಳನ್ನು ದಲ್ಲಾಳಿ ಬಿಡುವುದುಂಟೇ? ಜಟ್ಟೆಪ್ಪ ಅದನ್ನು ಬಿಡಿಸಿ ಹಿಡಿದ. ಚುಚ್ಚಿತು. ಟವಲಿನ ಮೇಲೆ ಕೆಂಪು ಹನಿ ಹರಡಿತು. ಅದು ಬೆರಳಲ್ಲ, ಉಕ್ಕಿನ ಮುಳ್ಳು.

ಆಗ ಕರಾಳಕಂಠ ಅವನ ಕಿವಿಯ ಹತ್ತಿರ ಬಾಗಿ, ಒಬ್ಬನಿಗೇ ಕೇಳುವಂತೆ ಹೇಳಿದ. “ಅರ್ಧ ರಾಜ್ಯ ಅನ್ನು ತಮ್ಮಾ. ನಿನಗ ಹತ್ತು ಹಳ್ಳಿ ಕೊಡ್ತೀನಿ.”

ನೀಲವ್ವನ ದನಿ. ಊಟಕ್ಕೆ ಕರೆಯುವಾಗಿನ ಅದೇ ದನಿ, ತಮ್ಮಾ ಎನ್ನುವಾಗಿನ ಅದೇ ಎಳೆತ, ಈ ಹಳದಿ ಹಲ್ಲಿನ ಬಾಯಿಂದ.

ಜಟ್ಟೆಪ್ಪ ಹೋರಿಯ ಮೂಗುದಾರ ಎಳೆದಂತೆ ಆ ಕೈಯನ್ನು ಟವಲಿನಿಂದ ಈಚೆಗೆ ಎಳೆದ. ಬಿಸಿಲಲ್ಲಿ ಮುಳ್ಳು ಮಿಂಚಿತು, ತುದಿಯಲ್ಲಿ ಅರಗಿನ ಎಳೆ ಇನ್ನೂ ಅಂಟಿತ್ತು.

“ಬೆಲಿ ಹೇಳ್ತೀನಿ ಕೇಳ್ರಿ ದೊರೆ. ಸೊನ್ನಿ. ನಮ್ಮೂರಾಗ ನೇಗಿಲಿಗೆ ಹೂಡಿ ನೋಡದ ಎತ್ತಿಗೆ ಯಾರೂ ಬೆಲಿ ಕಟ್ಟೂದಿಲ್ಲ.”

ಮುದ್ರೆ ಮುಟ್ಟಬೇಡ ಎಂದು ರಾಜ ಗುಡುಗಿದ. ಜಟ್ಟೆಪ್ಪ ಹಲ್ಲಿನಿಂದಲೇ ಮುದ್ರೆ ಕಚ್ಚಿ ಒಡೆದ. ರಾಜಮಾತೆ ಕಣ್ಸನ್ನೆ ಮಾಡಿದಳು, ಕರಿಯಣ್ಣ ಅವಳ ರಾಟೆಯನ್ನು ಎತ್ತಿ ತಂದು ತಿರುಗಿಸಿದ. ಜಟ್ಟೆಪ್ಪ ಕರಾಳಕಂಠನ ಮುಳ್ಳುಬೆರಳನ್ನೇ ತಟ್ಟೆಯ ಮೇಲೆ ಒತ್ತಿ ಹಿಡಿದ.

ಮೊದಲು ಬಳೆಯ ಸದ್ದು. ಆಮೇಲೆ ಎಳೆಯ ಕೊರಳೊಂದು ಮದುವೆಯ ಹಸೆಯ ಹಾಡು ಹಾಡಿತು. ಅದೇ ಹೊತ್ತಿಗೆ ರಾಣಿ ಪದ್ಮಲೆಯ ತುಟಿಗಳು ಹಾಡಿನ ಜೊತೆಗೇ ಆಡತೊಡಗಿದವು. ಹಾಡು ಮುಗಿಯಿತು, ತಟ್ಟೆ ನಿಂತಿತು, ಆದರೆ ದನಿ ನಿಲ್ಲಲಿಲ್ಲ. ಅದು ಈಗ ರಾಣಿಯ ಗಂಟಲಿನಿಂದ ಬರುತ್ತಿತ್ತು.

ಮಲ್ಲಭೂಪ ಸಿಂಹಾಸನದಿಂದ ಜಾರಿ ಮೆಟ್ಟಿಲ ಮೇಲೆ ಕೂತ. ಏಳು ವರ್ಷ ಹೆಂಡತಿ ತನ್ನೊಂದಿಗೆ ಮುನಿಸಿಕೊಂಡಿದ್ದಾಳೆಂದು ತಿಳಿದಿದ್ದ. ಒಮ್ಮೆಯಾದರೂ ಹೇಳಬಾರದಿತ್ತೇ ಎಂದು ತೊದಲಿದ.

“ಮದುವೆಯ ದಿನವೇ ದನಿ ಹೋಯಿತೆಂದು ಇನ್ನೂರು ಪತ್ರ ಬರೆದೆ” ಎಂದಳು ಪದ್ಮಲೆ. “ಎಲ್ಲಿಟ್ಟಿದ್ದೀರಿ?”

ಉತ್ತರ ಭಂಡಾರದಲ್ಲಿತ್ತು. ರಾಣಿಯೊಬ್ಬಳ ಮುದ್ರೆ ಒಡೆಯದ ಪತ್ರಗಳಿಗೆ ಮುಂದೆ ಲಕ್ಷ ಬೆಲೆ ಬರುತ್ತದೆಂದು ಕರಾಳಕಂಠ ಹೇಳಿದ್ದ. ಇನ್ನೂರೂ ಪತ್ರಗಳು ಶ್ರೀಗಂಧದ ಪೆಟ್ಟಿಗೆಯಲ್ಲಿ, ಬಂದ ಹಾಗೆಯೇ, ಸಾಲಾಗಿ ಇದ್ದವು. ರಾಜ ಅದನ್ನು ಒಪ್ಪಿಕೊಂಡಾಗ ಸಭೆಯಲ್ಲಿ ಹಾವು ಕಂಡಾಗ ಓಡದಿದ್ದವರೂ ಹಿಂದೆ ಸರಿದರು.

ಇನ್ನು ಜಟ್ಟೆಪ್ಪನ ಪಾಲಿನ ತಟ್ಟೆ. ಭಂಡಾರದ ಹೊದಿಕೆಗಳ ಮೇಲೆ ಯಾರ ಹೆಸರೂ ಇರಲಿಲ್ಲ. ಅಕ್ಕನ ತಟ್ಟೆ ಸಿಗಬೇಕೆಂದರೆ ಎಲ್ಲವನ್ನೂ ಹಾಡಿಸಬೇಕು. ರಾಣಿ ಅಪ್ಪಣೆ ಕೊಟ್ಟಳು. ಅರಮನೆಯ ಮುಂದೆ ರಾಟೆ ಇಟ್ಟು, ಕರಾಳಕಂಠನನ್ನು ಕಟ್ಟಿ ಕೂರಿಸಿ, ಅವನ ಬೆರಳಿನಿಂದಲೇ ಹಾಡಿಸಿದರು. ಒಂದೊಂದು ತಟ್ಟೆ ಮುಗಿದಾಗಲೂ ರಾಜ್ಯದ ಯಾವುದೋ ಮನೆಯಲ್ಲಿ ಒಬ್ಬರು ಬೆಚ್ಚಿಬಿದ್ದು ಮಾತಾಡಿದರು, ಕರಾಳಕಂಠನ ಬಾಯಿಂದ ಒಂದು ದನಿ ಕಡಿಮೆಯಾಯಿತು. ಮುಳ್ಳು ಸವೆದಂತೆ ಅವನ ಮೈಯೇ ಹೊಸ ಮುಳ್ಳಾಗುತ್ತ ಸವೆಯಿತು. ಮೂರನೆಯ ದಿನ ಮೊಣಕೈವರೆಗೆ, ಆರನೆಯ ದಿನ ಹೆಗಲವರೆಗೆ.

ಒಂಬತ್ತನೆಯ ದಿನ ತಟ್ಟೆಗಳು ಮುಗಿದವು. ನೀಲವ್ವನ ದನಿ ಬರಲಿಲ್ಲ.

ಜಟ್ಟೆಪ್ಪ ತಟ್ಟೆಗಳನ್ನೆಲ್ಲ ಸಾಲಾಗಿ ಇಟ್ಟ. ಎಣಿಸಿ ನೋಡಿದರೆ ಭಂಡಾರದಿಂದ ಬಂದದ್ದು ಮುನ್ನೂರಲ್ಲ, ಇನ್ನೂರ ತೊಂಬತ್ತೊಂಬತ್ತು. ಪದ್ಮಲೆ ಗಂಡನತ್ತ ತಿರುಗಿದಳು. ರಾಜ ಅಂಗಳಕ್ಕೆ ತರಿಸಿಕೊಂಡಿದ್ದ ಸಿಂಹಾಸನದಿಂದ ಏಳಲೊಲ್ಲ. ಅವಳು ಅವನ ಕೈ ಹಿಡಿದು ಎಬ್ಬಿಸಿದಳು. ದಿಂಬಿನ ಕೆಳಗೆ ಒಂದು ತಟ್ಟೆ, ಮುದ್ರೆ ಹಾಗೇ ಇದೆ. ಒಂದಾದರೂ ಯಾರೂ ಕೇಳದ್ದು ಇರಲಿ ಅನ್ನಿಸಿತು ಎಂದ ರಾಜ, ಮಗುವಿನಂತೆ. ಅವನ ಅಮ್ಮ ಕೋಲು ಎತ್ತಿದಳು.

ಜಟ್ಟೆಪ್ಪ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಕರಾಳಕಂಠನಲ್ಲಿ ಉಳಿದದ್ದು ಅಷ್ಟೇ ಅಷ್ಟು ಮುಳ್ಳಿನ ತುದಿ. ಅದು ಸಾಕಾಯಿತು. ಬೀಸುವ ಕಲ್ಲಿನ ಗುರುಗುರು ಬಂತು, ಅದರ ಮೇಲೆ ನೀಲವ್ವನ ಪದ ಎದ್ದಿತು, ಎಮ್ಮೆಯೊಂದು ದೂರದಲ್ಲಿ ಕೂಗಿದ್ದೂ ಕೇಳಿತು. ಹಾಡು ಮುಗಿದಾಗ ರಾಟೆಯ ಪಕ್ಕದಲ್ಲಿ ಒಂದು ಹಿಡಿ ಕರಿ ಅರಗಿನ ಪುಡಿ ಬಿದ್ದಿತ್ತು, ವ್ಯಾಪಾರಿ ಇರಲಿಲ್ಲ. ಇದರ ಬೆಲೆ ಎಷ್ಟಪ್ಪಾ ಎಂದು ರಾಜಮಾತೆ ಕೇಳಿದಳು. ಹುಟ್ಟಿದಂದಿನಿಂದ ಬಾಯಿ ಮುಚ್ಚದ ಜಟ್ಟೆಪ್ಪ ತಟ್ಟೆಯನ್ನು ಟವಲಿನಲ್ಲಿ ಸುತ್ತಿಕೊಂಡು ಊರಿನ ದಾರಿ ಹಿಡಿದ.

ನಾದವಾಡಿಯಲ್ಲಿ ಮತ್ತೆ ರಾಟೆಗಳು ತಿರುಗಿದವು, ಪೇಟೆಯಲ್ಲಿ ಮತ್ತೆ ಅಂಗಿಗಳು ಹರಿದವು. ರಾಜ ದಿನಕ್ಕೊಂದು ಪತ್ರ ಒಡೆದು ಹೆಂಡತಿಯ ಮುಂದೆ ಗಟ್ಟಿಯಾಗಿ ಓದಿದ. ಪ್ರತಿ ಪತ್ರಕ್ಕೂ ಬೈಸಿಕೊಂಡ, ಸುಖವಾಗಿದ್ದ.

ಜಟ್ಟೆಪ್ಪ ಊರು ಮುಟ್ಟಿದಾಗ ನೀಲವ್ವ ಬಾಗಿಲಲ್ಲೇ ನಿಂತಿದ್ದಳು. ಅವನು ಹಾವು, ಮುಳ್ಳುಬೆರಳು, ರಾಜನ ದಿಂಬು ಎಲ್ಲವನ್ನೂ ಹತ್ತರಷ್ಟು ಹಿಗ್ಗಿಸಿ ಹೇಳಲು ಬಾಯಿ ತೆರೆದ.

“ಸುಮ್ಮನ ಕುಂದ್ರೋ ತಮ್ಮಾ” ಎಂದಳು ಅಕ್ಕ. “ಮೊದಲು ನಾ ಮಾತಾಡ್ತೀನಿ.”

ಮೂರು ದಿನ ಮಾತಾಡಿದಳು. ಅವನು ಕೂತು ಕೇಳಿದ.