ಮಂಜುಗಡ್ಡೆಯ ಉಳಿ

ಆ ದಿನ ಬೆಳಗಾಗುವಾಗ ಲಾನ್‌ಗರೆನ್ ಕಣಿವೆಯ ಹುಲ್ಲೆಲ್ಲ ಬೆಳ್ಳಗೆ ಮರಗಟ್ಟಿತ್ತು. ಗಾಳಿ ಸತ್ತಿತ್ತು, ಕಾಗೆ ಕೂಡ ಕೂಗಲಿಲ್ಲ. ಕಲ್ಲುಕುಟಿಗ ಇಡ್ವಾಲ್ ಕಿಟಕಿಯ ಗಾಜು ಒರೆಸಿ ಹೊರಗೆ ನೋಡಿದ. ದೇವರು ಕೊನೆಗೂ ತನ್ನ ಕಡೆಗೆ ವಾಲಿದ ಎಂದುಕೊಂಡ.

ಅವನಪ್ಪ ಮಲಗಿದ್ದುದು ಚರ್ಚಿನ ಅಂಗಳದ ಹಳೆಯ ಶಿಲುಬೆಯ ನೆರಳಿನಲ್ಲಿ. ಪಕ್ಕದ ಜಾಗ ತನ್ನದೆಂದು ಅವ್ವ ಬದುಕಿಡೀ ನಂಬಿದ್ದಳು. ಅವಳು ತೀರಿಕೊಂಡಾಗ ಸ್ಮಾರಕ ರಕ್ಷಣೆಯ ಅಧಿಕಾರಿ ಬಂದು, ಐನೂರು ವರ್ಷದ ಶಿಲುಬೆಯ ಸುತ್ತ ಇನ್ನು ಗುದ್ದಲಿ ತಾಗಿಸುವಂತಿಲ್ಲ ಎಂದುಬಿಟ್ಟ. ಅವ್ವನನ್ನು ರಸ್ತೆಯಾಚೆಯ ಹೊಸ ಸ್ಮಶಾನದಲ್ಲಿ, ಗುರುತಿಲ್ಲದವರ ನಡುವೆ ಇಳಿಸಬೇಕಾಯಿತು. ಇಡ್ವಾಲ್ ರೇಗಲಿಲ್ಲ. ಶಿಲುಬೆ ನಿಂತಿರುವ ತನಕ ತಾನೇ ಈ ಕಟ್ಟಳೆ? ಅದು ಬಿದ್ದರೆ ಅವ್ವನನ್ನು ಕರೆತರಬಹುದು.

ಸುತ್ತಿಗೆ ಗಾಯ ಬಿಡುತ್ತದೆ, ಹಗ್ಗ ಉಜ್ಜಿದ ಗುರುತು ಬಿಡುತ್ತದೆ. ನೀರು ಹಾಗಲ್ಲ. ಅದು ಬಿರುಕಿಗೆ ಸದ್ದಿಲ್ಲದೆ ಇಳಿಯುತ್ತದೆ, ಹೆಪ್ಪುಗಟ್ಟಿ ಕಲ್ಲನ್ನು ಸೀಳುತ್ತದೆ, ಬಿಸಿಲಿಗೆ ಕರಗಿ ಹೋಗುತ್ತದೆ. ಶಿಲುಬೆಯ ಕಂಬದ ಬಿರುಕಿಗೆ ಪ್ರತಿವರ್ಷ ಚಳಿಗೆ ಮುಂಚೆ ಸುಣ್ಣದ ಗಾರೆ ತುಂಬುವುದು ಅವನದೇ ಕೆಲಸ, ಅಪ್ಪನಿಂದ ಬಂದದ್ದು. ಈ ವರ್ಷ ಮುಂಭಾಗಕ್ಕಷ್ಟೇ ಸವರಿ, ಬೆನ್ನಿನ ಕಡೆ ಬಿರುಕಿನ ಬಾಯಿ ತೆರೆದೇ ಬಿಟ್ಟ.

ಹೂವಿನ ಭಾನುವಾರ ಹತ್ತಿರವಾಗಿತ್ತು. ಊರವರೆಲ್ಲ ತಮ್ಮ ಹಿರಿಯರ ಸಮಾಧಿ ತೊಳೆದು ಹೂವಿಡುವ ಕಾಲ. ನೀರು ಹಿಡಿದು ಬಂದವನನ್ನು ಯಾರೂ ಏನೆಂದು ಕೇಳುವುದಿಲ್ಲ. ಕಣ್ಣಿಗೆ ರೂಢಿಯಾಗಲೆಂದು ಅವನು ದಿನವೂ ಅವ್ವನ ಕಂದು ಹೂಜಿಯಲ್ಲಿ ನೀರು ತಂದು ಅಪ್ಪನ ಸಮಾಧಿಯ ಕಲ್ಲು ಉಜ್ಜಿದ. ಚರ್ಚಿನ ಬೀಗದ ಕೈ ಇಟ್ಟುಕೊಂಡಿದ್ದ ಮುದುಕಿ ಮಾರೆಡ್ ನಕ್ಕಿದ್ದಳು: “ಬದುಕಿದ್ದಾಗ ಅಪ್ಪನ ಬೂಟು ಒರೆಸ್ದೋನಲ್ಲ, ಈಗ ಕಲ್ಲು ಸವೆಸ್ತಿದೀಯಲ್ಲೋ.”

ಹಿಮ ಸುರಿಯುವ ಸಂಜೆಗಳಲ್ಲಿ ಅಂಗಳದಲ್ಲಿ ಯಾರೂ ಇರುತ್ತಿರಲಿಲ್ಲ. ಆಗ ಅವನು ಶಿಲುಬೆಯ ಬೆನ್ನಿಗೆ ಮೊಣಕಾಲೂರಿ, ಪ್ರಾರ್ಥಿಸುವವನಂತೆ ತಲೆ ಬಾಗಿಸಿ, ಬಿರುಕಿಗೆ ನೀರು ಕುಡಿಸುತ್ತಿದ್ದ. ಒಮ್ಮೊಮ್ಮೆ ನಿಜಕ್ಕೂ ಪ್ರಾರ್ಥಿಸುತ್ತಿದ್ದ. ನಿನ್ನೆ ಸಂಜೆ ಹೂಜಿ ಕೆಳಗಿಟ್ಟು ಕಲ್ಲಿಗೆ ಕಿವಿ ಹಚ್ಚಿದಾಗ ಒಳಗೆಲ್ಲೋ ಟಿಕ್ ಎಂದಿತು. ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ. ಅವನು ಎದ್ದವನೇ ಹಿಂದಿರುಗಿ ನೋಡದೆ ಮನೆಗೆ ಬಂದಿದ್ದ.

ಈಗ ಶಿಲುಬೆ ಹುಲ್ಲಿನ ಮೇಲೆ ಬೋರಲು ಬಿದ್ದಿದೆ ಎಂಬ ಸುದ್ದಿ ಮನೆಮನೆಗೂ ಮುಟ್ಟಿತು. ಮಧ್ಯಾಹ್ನ ಅದೇ ಅಧಿಕಾರಿ ಬಂದು ಬಿರುಕಿನಲ್ಲಿ ಬೆರಳಾಡಿಸಿದ; ಇದು ಹಿಮದ ಕೆಲಸವೇ ಎಂದ. ಇಡ್ವಾಲ್ ಟೋಪಿ ತೆಗೆದು, ಕಲ್ಲಿಗೂ ವಯಸ್ಸಾಗುತ್ತದಲ್ಲ ಎಂದ. ತುಂಡುಗಳನ್ನು ಚರ್ಚಿನೊಳಗೆ ಸಾಗಿಸಿದ ಮೇಲೆ ಆ ಜಾಗದ ಕಟ್ಟಳೆ ಸಡಿಲಿಸಬಹುದು, ನಾಳೆ ಬರೆದುಕೊಡುತ್ತೇನೆ ಎಂದು ಅಧಿಕಾರಿ ತಾನಾಗಿಯೇ ಹೇಳಿದ. ಇಡ್ವಾಲ್ ಮನೆಗೆ ಬಂದು, ಅಪ್ಪನ ಹೆಸರಿನ ಕೆಳಗೆ ಅವ್ವನ ಹೆಸರು ಕೆತ್ತಲು ಉಳಿ ಮಸೆಯತೊಡಗಿದ.

ಸಂಜೆ ಮಾರೆಡ್ ಬಂದಳು. ತೋಳಿಗೆ ಬುಟ್ಟಿ, ಅದರಲ್ಲಿ ಹಳದಿ ಹೂವು, ಹೂವಿನ ಕೆಳಗೆ ಬಟ್ಟೆಯ ಗಂಟು. “ಬೆಳಿಗ್ಗೆ ಶಿಲುಬೆ ಹಿಂದೆ ಸಿಕ್ತು ಮಗಾ, ಯಾರೂ ಬರೋಕ್ ಮುಂಚೆ. ನಿಮ್ಮವ್ವಂದು. ನಿನಗೇ ಸೇರ್ಬೇಕು,” ಎಂದು ಗಂಟು ಬಿಚ್ಚಿ ಹೂಜಿಯ ಎರಡು ಹೋಳುಗಳನ್ನು ಅವನ ಕೈಗಿಟ್ಟಳು. ಶಿಲುಬೆಯ ಕಂಬದಂತೆಯೇ ಅದೂ ಉದ್ದಕ್ಕೆ ಸೀಳಿತ್ತು. “ಒಳಗೆ ಮಂಜುಗಡ್ಡೆ ಹಾಗೇ ನಿಂತಿತ್ತು. ಹಿಮ ಬೀಳೋ ದಿನ ಕಲ್ಲಿನ ಹತ್ರ ನೀರು ತರಬೇಡಿ ಅಂತ ನಮಗೆಲ್ಲ ಹೇಳಿಕೊಟ್ಟೋನು ನೀನೇ ಅಲ್ವೇನೋ? ಆ ಸಾಹೇಬರು ಇವತ್ತು ಊರಲ್ಲೇ ಇರ್ತಾರೆ. ನಡಿ, ನೀನೇ ಹೇಳ್ಬಿಡು, ನಾನೂ ಜೊತೆಗೆ ಬರ್ತೀನಿ.”